ಕಡತ ತೆರೆಯಿತು, ಕನ್ನಡ ಕಾಣಲಿಲ್ಲ

ಮೊನ್ನೆ ಹಳೆಯ ಸಿಡಿಯೊಂದರಲ್ಲಿ ಅಪ್ಪ ಟೈಪಿಸಿಟ್ಟಿದ್ದ ಊರಿನ ನೆನಪುಗಳ ಕಡತ ಸಿಕ್ಕಿತು. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕಿ, ಬಾಲಗಳ ಸಂತೆ! ಕೆಟ್ಟುಹೋಯಿತೆಂದು ಎದೆ ಧಸಕ್ಕೆಂದಿತು. ಕೆಟ್ಟಿರಲಿಲ್ಲ.

ಇದರ ಹಿಂದೊಂದು ಕತೆಯಿದೆ. 1991ರಲ್ಲಿ ಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಆ ಸಂಕೇತಗಳಿಂದ ಒತ್ತು, ಕಾಗುಣಿತ ಜೋಡಿಸುವ ವಿದ್ಯೆ ವಿಂಡೋಸ್‌ಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜತೆ. ನಾವು ಅಲ್ಲಿಯವರೆಗೆ ಸುಮ್ಮನಿರಲಿಲ್ಲವಲ್ಲ! ಫಾಂಟು ಮಾಡುವವರು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ತುಂಡುಗಳನ್ನು ತೊಡಿಸಿದರು. ಒಬ್ಬೊಬ್ಬರದು ಒಂದೊಂದು ಕ್ರಮ. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳಿಂದಲೇ ನಮ್ಮಲ್ಲಿ ಅನೇಕರು ಕನ್ನಡ ಕುಟ್ಟಲು ಕಲಿತದ್ದು. ಆ ಋಣ ದೊಡ್ಡದು. ಆದರೆ ಅಂದಿನ ಕಡತಗಳಲ್ಲಿ ಉಳಿದದ್ದು ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಸಂಕೇತಗಳು. ಫಾಂಟು ಹೋದರೆ ವೇಷವೂ ಕಳಚಿತು.

ಅದೇ ಫಾಂಟು ಹುಡುಕಿ ಹಾಕಿದೆ, ಅಕ್ಷರ ಮೂಡಿತು. ಆಮೇಲೆ ಪರಿವರ್ತಕದಿಂದ ಯುನಿಕೋಡಿಗೆ ತಂದೆ. ಅರ್ಕಾವತ್ತುಗಳು ಅಲ್ಲಲ್ಲಿ ಎಡವಿದ್ದವು, ಕೈಯಲ್ಲೇ ತಿದ್ದಿದೆ. ಮೂರನೇ ಪುಟದಲ್ಲಿ ನಾನು ನೋಡದ ಅಜ್ಜಿ ಸಿಕ್ಕಳು.

ನಿಮ್ಮಲ್ಲೂ ಇಂಥ ಕಡತಗಳಿದ್ದರೆ ಅಳಿಸಬೇಡಿ ಮಾರಾಯ್ರೇ. ಫಾಂಟು ಸಿಗುವಾಗಲೇ ಬದಲಿಸಿಟ್ಟುಕೊಳ್ಳಿ.