ನಕ್ಷತ್ರಿಕ ಬಾಗಿಲಿಗೆ ಬಂದಾಗ

ಹೊಸಹಳ್ಳಿಯಿಂದ ಮಾತಾಡ್ತಿದೀನಿ. ಇವತ್ತಿನ ಸಿನಿಮಾ 1965ರ ‘ಸತ್ಯ ಹರಿಶ್ಚಂದ್ರ’. ನಿರ್ದೇಶನ ಹುಣಸೂರು ಕೃಷ್ಣಮೂರ್ತಿ ಅವರದು. ರಾಜ್‌ಕುಮಾರ್ ಹರಿಶ್ಚಂದ್ರ, ನರಸಿಂಹರಾಜು ನಕ್ಷತ್ರಿಕ. ಋಷಿಗಳ ಪಂತ, ಕೊನೆಗೆ ದೇವರು ಪ್ರತ್ಯಕ್ಷ ಆಗೋದು, ಎಲ್ಲಾ ಫ್ಯಾಂಟಸಿನೇ. ಆದ್ರೆ ಬಿ.ಕಾಂ ಓದಿದ ನನಗೆ ಅದು ಸಾಲದ ಕತೆ.

ಕನ್ನಡದಲ್ಲಿ ಈ ಕತೆ ಕಟ್ಟಿದವನು ನಮ್ಮ ನೆರೆಯವನೇ. ಹಂಪಿಯ ರಾಘವಾಂಕ 13ನೇ ಶತಮಾನದಲ್ಲಿ ‘ಹರಿಶ್ಚಂದ್ರ ಕಾವ್ಯ’ವನ್ನ ಷಟ್ಪದಿಯಲ್ಲಿ ಬರೆದ. ಅಲ್ಲಿ ರಾಜ ಸಾಲ ಮಾಡಿ ತಿಂದವನಲ್ಲ. ವಸಿಷ್ಠ, ವಿಶ್ವಾಮಿತ್ರರ ಹಠಕ್ಕೆ ಸಿಕ್ಕಿ ಸಾಲಗಾರನಾದವನು. ಹೆಂಡತಿ, ಮಗನನ್ನ ಮಾರಿ, ತಾನೂ ಸುಡುಗಾಡು ಕಾಯೋಕೆ ನಿಂತ.

ಒಂದು ವರ್ಷ ಮಳೆ ಕೈಕೊಟ್ಟು ಶೇಂಗಾ ಒಣಗಿತು. ನಮ್ಮನೆ ಕಟ್ಟೆ ಮೇಲೂ ಕಂತು ವಸೂಲಿಯವರು ರಾತ್ರಿತನಕ ಕೂತಿದ್ರು. ‘ಹರಿಶ್ಚಂದ್ರನೇ ತೀರಿಸಿದ, ನಾವೂ ತೀರಿಸೋಣ’ ಅಂತ ಅವ್ವ ಕಿವಿಯೋಲೆ ಅಡ ಇಟ್ಟಳು.

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಕಿರುಕುಳಕ್ಕೆ ಸುಗ್ರೀವಾಜ್ಞೆ ತಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು. ಕೊಟ್ಟ ಮಾತು ಉಳಿಸ್ಕೋಬೇಕು ಅನ್ನೋ ಪಾಠ ಅವ್ವಂದು. ವಸೂಲಿಗೂ ಒಂದು ಮಿತಿ ಇರ್ಬೇಕು ಅನ್ನೋದು ಅದೇ ಸಿನಿಮಾದಲ್ಲಿ ನನಗೆ ತಡವಾಗಿ ಕಂಡ ಪಾಠ. ದೇವರು ಬರೋತನಕ ಕಾಯಬ್ಯಾಡ್ರಿ, ಠಾಣೆಗೆ ಹೋಗಿ ದೂರು ಕೊಡ್ರಿ.