ನಕ್ಷತ್ರಗಳತ್ತ ಕಿವಿಗೊಟ್ಟ ಜಿಲ್ ಟಾರ್ಟರ್



ಕೇಬಲ್ ಬರುವ ಮುಂಚೆ ಟಿ.ವಿ.ಯಲ್ಲಿ ಚಿತ್ರ ಸರಿಯಾಗಿ ಮೂಡಬೇಕಾದರೆ ಮನೆಯ ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕಿತ್ತು. ಕೆಳಗಿನಿಂದ ಇನ್ನೊಬ್ಬರು ‘ಬಂತು, ಬಂತು... ಅಯ್ಯೋ, ಹೋಯ್ತು’ ಎಂದು ಕೂಗಬೇಕಿತ್ತು. ನಮ್ಮ ಮನೆಯಲ್ಲಿ ಮಾಳಿಗೆಯ ಪಾಳಿ ನನ್ನದು. ಹೀಗೆ ಗದ್ದಲದ ನಡುವೆ ಒಂದು ಸಂಕೇತವನ್ನು ಹುಡುಕುವುದನ್ನೇ ಜೀವಮಾನದ ಕೆಲಸವಾಗಿಸಿಕೊಂಡ ವಿಜ್ಞಾನಿಯೊಬ್ಬರ ಕಥೆ ಇದು. ಅವರು ಹುಡುಕಿದ್ದು ದೂರದ ನಕ್ಷತ್ರಗಳ ಬಳಿ ಯಾರಾದರೂ ಇದ್ದಲ್ಲಿ ಅವರಿಂದ ಹೊರಟಿರಬಹುದಾದ ರೇಡಿಯೋ ಅಲೆಗಳನ್ನು.

ಜಿಲ್ ಕಾರ್ನೆಲ್ ಹುಟ್ಟಿದ್ದು 1944ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಇಂಜಿನಿಯರ್ ಆಗುತ್ತೇನೆಂದು ಚಿಕ್ಕಂದಿನಲ್ಲೇ ತಂದೆಗೆ ಹೇಳಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಆ ತಂದೆ ತೀರಿಕೊಂಡರು; ಹುಡುಗಿ ಹಟ ಬಿಡಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಎಜ್ರಾ ಕಾರ್ನೆಲ್ ಅವರ ವಂಶದವರೇ ಆಗಿದ್ದರೂ, ವಂಶಜರಿಗೆಂದು ಅಲ್ಲಿ ಮೀಸಲಿಟ್ಟಿದ್ದ ವಿದ್ಯಾರ್ಥಿವೇತನ ಅವರಿಗೆ ಸಿಗಲಿಲ್ಲ. ಅದು ಗಂಡುಮಕ್ಕಳಿಗೆ ಮಾತ್ರ! ಬೇರೊಂದು ವಿದ್ಯಾರ್ಥಿವೇತನ ಪಡೆದು ಅದೇ ವಿಶ್ವವಿದ್ಯಾಲಯ ಸೇರಿದರು. ಇಂಜಿನಿಯರಿಂಗ್ ತರಗತಿಯ ಸುಮಾರು 300 ವಿದ್ಯಾರ್ಥಿಗಳಲ್ಲಿ ಇವರೊಬ್ಬರೇ ಹೆಣ್ಣು.

ಇಲ್ಲೊಂದು ಸಂಗತಿಯನ್ನು ಹಾಸ್ಟೆಲಿನಲ್ಲಿರುವ ನೀವು ಗಮನಿಸಬೇಕು. ರಾತ್ರಿಯಾದರೆ ಹೆಣ್ಣುಮಕ್ಕಳ ಹಾಸ್ಟೆಲಿನ ಬಾಗಿಲಿಗೆ ಬೀಗ. ಅತ್ತ ಹುಡುಗರೆಲ್ಲ ಗುಂಪಾಗಿ ಕುಳಿತು, ಲೆಕ್ಕಗಳನ್ನು ಹಂಚಿಕೊಂಡು ಬಿಡಿಸುತ್ತಿದ್ದರು. ಇತ್ತ ಜಿಲ್ ಒಬ್ಬರೇ ಕುಳಿತು ಎಲ್ಲ ಲೆಕ್ಕಗಳನ್ನೂ ಬಿಡಿಸಬೇಕಿತ್ತು. ಇದರಿಂದ ಅವರ ಕಲಿಕೆ ಗಟ್ಟಿಯಾಯಿತು, ನಿಜ. ಆದರೆ ತಂಡವಾಗಿ ದುಡಿಯುವುದನ್ನು ಕಲಿಯುವ ಅವಕಾಶ ತಪ್ಪಿತು. ಇದನ್ನು ಬರೀ ‘ಕಷ್ಟಪಟ್ಟು ಮೇಲೆ ಬಂದರು’ ಎಂದು ಹೊಗಳಿ ಮುಗಿಸುವುದು ನನಗೆ ಸರಿಕಾಣದು. ಬೀಗ ಬೀಗವೇ.

ಮುಂದೆ ಬರ್ಕ್ಲಿಯಲ್ಲಿ ಖಗೋಳಶಾಸ್ತ್ರದ ಸಂಶೋಧನೆ. ನಕ್ಷತ್ರವಾಗಿ ಉರಿಯಲು ಸಾಲದಷ್ಟು ಕಡಿಮೆ ದ್ರವ್ಯರಾಶಿಯ ಆಕಾಶಕಾಯಗಳನ್ನು ಇಂದು ‘ಕಂದು ಕುಬ್ಜ’ ಎನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ಆ ಹೆಸರನ್ನು 1975ರಲ್ಲಿ ಕೊಟ್ಟವರು ಇವರೇ. ಇಂಥ ಮೊದಲ ಕಾಯ ಖಚಿತವಾಗಿ ಕಾಣಿಸಿಕೊಂಡದ್ದು ಇಪ್ಪತ್ತು ವರ್ಷಗಳ ನಂತರ, 1995ರಲ್ಲಿ.

ಇನ್ನು, ಅನ್ಯಗ್ರಹ ಜೀವಿಗಳ ಹುಡುಕಾಟಕ್ಕೆ ಬಂದದ್ದು ಹೇಗೆ? ಒಂದು ಹಳೆಯ ಕಂಪ್ಯೂಟರಿನ ದೆಸೆಯಿಂದ! ವಿದ್ಯಾರ್ಥಿನಿಯಾಗಿದ್ದಾಗ ಅವರು ಪಿ.ಡಿ.ಪಿ.-8/ಎಸ್ ಎಂಬ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದರು. ಕೆಲವು ವರ್ಷಗಳ ನಂತರ, ಯಾರಿಗೂ ಬೇಡವಾದ ಅಂಥದೇ ಯಂತ್ರವೊಂದು ಪ್ರಾಧ್ಯಾಪಕ ಸ್ಟುವರ್ಟ್ ಬೌಯರ್ ಅವರ ಕೈಸೇರಿತು. ಕ್ಯಾಲಿಫೋರ್ನಿಯಾದ ಹ್ಯಾಟ್ ಕ್ರೀಕ್‌ನ ರೇಡಿಯೋ ದೂರದರ್ಶಕಕ್ಕೆ ಅದನ್ನು ಜೋಡಿಸಿ, ಬೇರೆಯವರ ವೀಕ್ಷಣೆಗೆ ಅಡ್ಡಿಯಾಗದಂತೆ ಅನ್ಯಲೋಕದ ಸಂಕೇತ ಹುಡುಕುವುದು ಅವರ ಯೋಚನೆ. ಆ ಯಂತ್ರದ ಭಾಷೆ ಬಲ್ಲವರು ಯಾರು? ಜಿಲ್! ಒಪ್ಪಿಸಲೆಂದು ಬೌಯರ್ ಅವರ ಮುಂದಿಟ್ಟದ್ದು ನಾಸಾದ 1971ರ ‘ಸೈಕ್ಲೋಪ್ಸ್’ ಅಧ್ಯಯನದ ವರದಿ. ತಲಾ 100 ಮೀಟರ್ ಅಗಲದ 1,000 ಡಿಶ್‌ಗಳವರೆಗೆ ಸಾಲಾಗಿ ನಿಲ್ಲಿಸುವ ಕನಸು ಅದರಲ್ಲಿತ್ತು. ಒಂದೇ ಗುಕ್ಕಿಗೆ ಓದಿ ಮುಗಿಸಿದ ಜಿಲ್ ಆ ಕೆಲಸಕ್ಕೇ ಅಂಟಿಕೊಂಡರು. ‘ಅಲ್ಲಿ ಯಾರಾದರೂ ಇದ್ದಾರೆಯೇ’ ಎಂದು ಸಾವಿರಾರು ವರ್ಷ ಪುರೋಹಿತರನ್ನೂ ತತ್ವಜ್ಞಾನಿಗಳನ್ನೂ ಕೇಳುತ್ತಿದ್ದ ಪ್ರಶ್ನೆಗೆ ಈಗ ಉಪಕರಣ ಹಿಡಿದು ಉತ್ತರ ಹುಡುಕಬಹುದೆಂಬುದು ಅವರನ್ನು ಸೆಳೆದಿತ್ತು.

ನಾಸಾದ ದೊಡ್ಡ ಶೋಧ ಯೋಜನೆ 1992ರ ಅಕ್ಟೋಬರ್ 12ರಂದು, ಕೊಲಂಬಸ್ ಅಮೆರಿಕ ತಲುಪಿ 500 ವರ್ಷ ತುಂಬಿದ ದಿನ, ಆರಂಭವಾಯಿತು. ಒಂದು ವರ್ಷವಾಗುವಷ್ಟರಲ್ಲಿ ಅಮೆರಿಕದ ಸಂಸತ್ತು ಹಣ ನಿಲ್ಲಿಸಿತು. ಸೆಟಿ ಸಂಸ್ಥೆಯ ಜಿಲ್ ಮತ್ತು ಸಂಗಡಿಗರು ಖಾಸಗಿ ದಾನ ಕೂಡಿಸಿ, 1995ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್‌ನಿಂದ ಕೆಲಸ ಮುಂದುವರಿಸಿದರು. ಬೂದಿಯಿಂದೆದ್ದ ಹಕ್ಕಿಯೆಂದು ‘ಫೀನಿಕ್ಸ್’ ಎಂಬ ಹೆಸರಿಟ್ಟರು. 2004ರ ವೇಳೆಗೆ ಸುಮಾರು 800 ನಕ್ಷತ್ರಗಳನ್ನು ಆಲಿಸಿದ್ದಾಯಿತು.

1997ರ ಜೂನ್‌ನಲ್ಲಿ ಗ್ರೀನ್ ಬ್ಯಾಂಕ್‌ನಲ್ಲಿ ಒಂದು ಸಂಕೇತ ಸಿಕ್ಕಿತು. ದೂರದರ್ಶಕವನ್ನು ನಕ್ಷತ್ರದತ್ತ ತಿರುಗಿಸಿದರೆ ‘ಬಂತು’, ಪಕ್ಕಕ್ಕೆ ಸರಿಸಿದರೆ ‘ಹೋಯ್ತು’! ನಿಜವಾದ ಸಂಕೇತ ಹೀಗೆಯೇ ಇರಬೇಕು. ಗಂಟೆಗಟ್ಟಲೆ ಪರೀಕ್ಷೆ ನಡೆಯಿತು. ಎರಡನೆಯ ದೂರದರ್ಶಕದಿಂದ ತಾಳೆ ನೋಡೋಣವೆಂದರೆ ಅದು ಕೆಟ್ಟು ಕೂತಿತ್ತು. ಕೊನೆಗೆ ತಿಳಿದುಬಂತು, ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸೂರ್ಯನನ್ನು ವೀಕ್ಷಿಸುತ್ತಿದ್ದ ನಮ್ಮದೇ ‘ಸೋಹೋ’ ನೌಕೆಯ ಸಂಕೇತವೆಂದು. ಇದಾದ ಮರುತಿಂಗಳೇ ‘ಕಾಂಟ್ಯಾಕ್ಟ್’ ಚಲನಚಿತ್ರ ತೆರೆಕಂಡಿತು. ಕಾರ್ಲ್ ಸೇಗನ್ ಅವರ ಕಾದಂಬರಿಯನ್ನು ಆಧರಿಸಿದ ಅದರಲ್ಲಿ ಜೋಡಿ ಫಾಸ್ಟರ್ ನಟಿಸಿದ ವಿಜ್ಞಾನಿಯ ಪಾತ್ರಕ್ಕೆ ಜಿಲ್ ಅವರ ಬದುಕಿನ ಛಾಯೆಯಿದೆ. ಒಂದೇ ವ್ಯತ್ಯಾಸ: ಸಿನಿಮಾದಲ್ಲಿ ಸಂಕೇತ ಸಿಗುತ್ತದೆ.

2007ರಲ್ಲಿ ಹ್ಯಾಟ್ ಕ್ರೀಕ್‌ನಲ್ಲಿ, ಪಾಲ್ ಆಲನ್ ಅವರ ನೆರವಿನಿಂದ, 42 ಡಿಶ್‌ಗಳ ವ್ಯೂಹವೊಂದು ಕೆಲಸ ಆರಂಭಿಸಿತು. ಯೋಜಿಸಿದ್ದು 350. 2011ರ ಏಪ್ರಿಲ್‌ನಲ್ಲಿ ಹಣವಿಲ್ಲದೆ ಅದೂ ನಿಂತಿತು. ಆಗ ಸಾರ್ವಜನಿಕರಿಂದ ದೇಣಿಗೆ ಕೂಡಿಸಿದರು. ಕೊಟ್ಟವರಲ್ಲಿ ಜೋಡಿ ಫಾಸ್ಟರ್ ಕೂಡ ಒಬ್ಬರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಡಿಶ್‌ಗಳು ಮತ್ತೆ ಆಕಾಶದತ್ತ ತಿರುಗಿದವು. ಮರುವರ್ಷ, 2012ರಲ್ಲಿ, ಜಿಲ್ ಸಂಶೋಧನಾ ಕೇಂದ್ರದ ನಿರ್ದೇಶಕಿಯ ಹೊಣೆಯಿಂದ ನಿವೃತ್ತರಾದರು.