ಹಾಸ್ಯಗಾರ

ಹೊನ್ನಾವರದ ಹತ್ತಿರದ ಕರ್ಕಿಯಲ್ಲಿ ಒಂದು ಯಕ್ಷಗಾನದ ಮನೆತನವಿದೆ. ತಲೆಮಾರುಗಳಿಂದ ಆ ಮನೆಯವರ ಹೆಸರಿನ ಕೊನೆಗೆ ಬರುವುದು 'ಹಾಸ್ಯಗಾರ'. ನಗಿಸುವ ಕಸುಬೇ ಮನೆತನದ ಹೆಸರಾಗುವಷ್ಟು ಮರ್ಯಾದೆ ಆ ಪದಕ್ಕಿತ್ತು. ಬೆಂಗಳೂರಿನ ಕೆಫೆಗಳಲ್ಲಿ ಮೈಕು ಹಿಡಿದು ಕನ್ನಡದಲ್ಲಿ ನಗಿಸುವ ನನ್ನನ್ನು ಜನ ಸ್ಟ್ಯಾಂಡಪ್ ಕಾಮಿಡಿಯನ್ ಅನ್ನುತ್ತಾರೆ. ನನಗೆ ಆಸೆಯಿರುವುದು ಕರ್ಕಿಯ ಆ ಹೆಸರಿನ ಮೇಲೆ.

ಬಳೆಗಾರ, ಬೇಟೆಗಾರ, ಮದ್ದಳೆಗಾರ. ಇಂಥ ಪದಗಳಲ್ಲಿ 'ಗಾರ' ಸೇರಿತೆಂದರೆ ಕಸುಬು ಬಲ್ಲವನು ಎಂದರ್ಥ. ಯಕ್ಷಗಾನ ಮೇಳದಲ್ಲಿ ಉಳಿದ ಪಾತ್ರಧಾರಿಗಳನ್ನು ಹೆಚ್ಚಾಗಿ ವೇಷದಿಂದ ಗುರುತಿಸುತ್ತಾರೆ: ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ. ಹಾಸ್ಯಗಾರನಿಗೆ ಮಾತ್ರ ಕೆಲಸವೇ ಗುರುತು, ಯಾಕೆಂದರೆ ಅವನಿಗೆ ಒಂದು ವೇಷ ಅಂತ ಇಲ್ಲ. ದೂತ, ಬಾಗಿಲು ಕಾಯುವವ, ಬ್ರಾಹ್ಮಣ, ಎಲ್ಲವೂ ಅವನೇ. ರಾಜನ ಸಂಸ್ಕೃತಮಯ ಮಾತನ್ನು ಊರ ಮಾತಿಗೆ ಇಳಿಸುವವನೂ ಅವನೇ. ಬಣ್ಣ ಹಚ್ಚುವ ಚೌಕಿಯಲ್ಲಿ ಮುಂದಿನ ವೇಷದ ಬಣ್ಣ ಮುಗಿದಿಲ್ಲವೆಂದರೆ ಮಾತು ಬೆಳೆಸಬೇಕು. ಎದುರಿನ ವೇಷಧಾರಿ ತಡವರಿಸಿದರೆ ಒಂದು ಪ್ರಶ್ನೆ ಕೇಳಿ ದಾರಿಗೆ ತರಬೇಕು. ಪ್ರಸಂಗ ಪೂರ್ತಿ ತಿಳಿಯದವನಿಂದ ಇದು ಆಗದ ಮಾತು. ತೆಂಕುತಿಟ್ಟಿನ ಮಿಜಾರು ಅಣ್ಣಪ್ಪ, ಬಡಗುತಿಟ್ಟಿನ ಕುಂಜಾಲು ರಾಮಕೃಷ್ಣ ಇವರ ಹೆಸರನ್ನು ಹಳಬರು ಇಂದಿಗೂ ತೆಗೆಯುವುದು ಬರೀ ನಗಿಸಿದ್ದಕ್ಕಲ್ಲ.

ನಳನ ಕಥೆಯ ಬಾಹುಕನನ್ನೇ ನೋಡಿ. ಕಾರ್ಕೋಟಕ ಕಚ್ಚಿ ರೂಪ ಕೆಟ್ಟ ನಳ ಬಾಹುಕನೆಂಬ ಹೆಸರಲ್ಲಿ ರಾಜ ಋತುಪರ್ಣನಲ್ಲಿ ಚಾಕರಿಗೆ ನಿಂತಿದ್ದಾನೆ. ಸೊಟ್ಟ ಮೈ, ವಿಚಿತ್ರ ನಡಿಗೆ ಕಂಡು ಸಭೆ ನಗುತ್ತದೆ. ಅಷ್ಟರಲ್ಲಿ ದಮಯಂತಿಗೆ ಮತ್ತೆ ಸ್ವಯಂವರವಂತೆ ಎಂಬ ಸುದ್ದಿ. ರಾಜ ಹೊರಟಿದ್ದಾನೆ, ರಥ ಹೊಡೆಯಬೇಕಾದವನು ಇವನೇ. ಅದೇ ಸೊಟ್ಟ ಮೈಯಲ್ಲಿ ಈಗ ಗಂಡನ ಸಂಕಟ ಕಾಣಬೇಕು. ನಗುತ್ತಿದ್ದ ಸಭೆ ಅಲ್ಲಿ ಗಪ್ಪಾಗದಿದ್ದರೆ ಪಾತ್ರ ಸೋತಂತೆ. ಇಂಥ ಪಾತ್ರವನ್ನು ಮೇಳದವರು ಹಾಸ್ಯಗಾರನಿಗೆ ಕೊಟ್ಟರು. ನನ್ನ ಕಸುಬಿನ ಬಗ್ಗೆ ಇದಕ್ಕಿಂತ ದೊಡ್ಡ ನಂಬಿಕೆ ಇನ್ನೆಲ್ಲೂ ಕಂಡಿಲ್ಲ.

ಸಿನಿಮಾ ಬಂದ ಮೇಲೆ ಹಾಸ್ಯಗಾರ ಹಾಸ್ಯನಟನಾದ. 1954ರ 'ಬೇಡರ ಕಣ್ಣಪ್ಪ'ದಿಂದ ಮನೆಮಾತಾದ ನರಸಿಂಹರಾಜು ನಾಟಕ ಕಂಪನಿಗಳಲ್ಲಿ ಪಳಗಿದವರು. ಇನ್ನೊಬ್ಬ ಹಾಸ್ಯನಟ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆ ನೋಡಿಯೇ ಮಾತಿಗೆ ಮಾತು ಜೋಡಿಸುತ್ತಿದ್ದರು. ಎದುರಿನವರ ಮೇಲೆ ಅಷ್ಟು ಗಮನ ಇಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ಇದನ್ನು ಕೇಳಲು ಕಾರಣವಿದೆ. ನಾಟ್ಯಶಾಸ್ತ್ರ ನಗುವಿನಲ್ಲಿ ಆರು ಬಗೆ ಹೇಳುತ್ತದೆ. ಹಲ್ಲು ಕಾಣದ ಸ್ಮಿತ ಮೇಲಿನದು, ಪಕ್ಕೆ ಹಿಡಿದು ನಗುವ ಅತಿಹಸಿತ ಕೊನೆಯದು. ಇಂದಿನ ಮಾರುಕಟ್ಟೆಗೆ ಬೇಕಾಗಿರುವುದು ಕೊನೆಯದೊಂದೇ, ಅದೂ ಒಂದು ನಿಮಿಷದ ರೀಲ್‌ನಲ್ಲಿ. ಅದಕ್ಕೆ ಸುಲಭದ ದಾರಿ ಮುಂದಿನ ಸಾಲಿನವರ ಮೈ, ಬಣ್ಣ, ಭಾಷೆ ಹಿಡಿದು ಆಡುವುದು. ಕ್ರೌಡ್ ವರ್ಕ್ ಎಂಬ ಹೆಸರಿನಲ್ಲಿ ಅದು ನಡೆಯುತ್ತದೆ. ಒಂದು ಸಂಜೆ ಹೀಗೇ ಒಬ್ಬ ಹೆಣ್ಣುಮಗಳ ದಪ್ಪದ ಬಗ್ಗೆ ಮಾತು ಬಂತು. ಇಡೀ ಕೋಣೆ ನಕ್ಕಿತು, ಆಕೆಯೂ ನಕ್ಕಳು. ನಗುತ್ತಲೇ ದುಪಟ್ಟಾ ಎಳೆದು ಹೊಟ್ಟೆ ಮುಚ್ಚಿಕೊಂಡಳು. ಆಮೇಲಿನ ಯಾವ ಮಾತಿಗೂ ಆಕೆಯ ಕೈ ಅಲ್ಲಿಂದ ಕದಲಲಿಲ್ಲ. ಹೀಗೆ ನಗಿಸುವುದಕ್ಕೆ ಕನ್ನಡದಲ್ಲಿ ಬೇರೆ ಪದವಿದೆ, ಅಪಹಾಸ್ಯ. ಅದನ್ನು ಕಸುಬೆಂದು ನಮ್ಮ ಹಿರಿಯರು ಒಪ್ಪಿದ್ದಿಲ್ಲ. ಮೇಳದಲ್ಲೂ ದ್ವಂದ್ವಾರ್ಥಕ್ಕೆ ಇಳಿದವರಿದ್ದಾರೆ, ನಿಜ. ಅಂಥವರನ್ನು ಬೈದವರೂ ಆ ಮೇಳಗಳ ಅಭಿಮಾನಿಗಳೇ.

ಮೈಕಿನ ಮುಂದೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರಿಗೆ ನನ್ನದೊಂದು ವಿನಂತಿ. ದೀಪಾವಳಿಯ ನಂತರ ಹೊರಡುವ ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚುವುದು ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ. ಅಷ್ಟರೊಳಗೆ ಒಂದು ರಾತ್ರಿ ಹೋಗಿ ಆಟ ನೋಡಿ. ಬೇರೆಯವರು ಮಾತಾಡುತ್ತಿರುವಾಗ ಹಾಸ್ಯಗಾರ ಹೇಗೆ ಕೇಳಿಸಿಕೊಳ್ಳುತ್ತಾನೆ ಎಂಬುದನ್ನು ಗಮನಿಸಿ.